ಕೋಳಿಗೆ ಖಾರ ಹತ್ತುವುದಿಲ್ಲ

ನಮ್ಮ ಚಿಗವ್ವನ ವೈದ್ಯದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಪುಡಿಗೆ ಮೊದಲ ಮಣೆ. ಕೂಸಿಗೆ ದೃಷ್ಟಿ ತಗುಲಿದರೆ ಉಪ್ಪು-ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಾಳೆ. ನೆಗಡಿ ಹತ್ತಿದರೆ ಖಾರದ ಸಾರು ಕುಡಿಸುತ್ತಾಳೆ. ನಾಯಿ ಕಡಿದ ಜಾಗಕ್ಕೂ ಖಾರದಪುಡಿ ಒತ್ತಬೇಕು ಅನ್ನುತ್ತಾಳೆ. ಈ ಕೊನೆಯ ವಿಷಯದಲ್ಲಿ ಯಾರೂ ಆಕೆಯ ಮಾತು ಕೇಳಬಾರದು. ಸಾಬೂನು ಹಚ್ಚಿ, ಹದಿನೈದು ನಿಮಿಷ ನೀರು ಹರಿಸಿ ತೊಳೆದು, ಚುಚ್ಚುಮದ್ದಿಗೆ ದವಾಖಾನೆಗೆ ಓಡಬೇಕು. ಇನ್ನು ಕೋಳಿಯನ್ನು ಕೋಳಿಯೇ ಕುಕ್ಕಿ ಗಾಯ ಮಾಡಿದರೆ? ಅದಕ್ಕೂ ಖಾರದಪುಡಿಯೇ ಮದ್ದು. ಚಿಗವ್ವನ ತರ್ಕದಲ್ಲಿ ಎಲ್ಲೂ ತೂತು ಸಿಗುವುದಿಲ್ಲ. "ಗಾಯದ ಮ್ಯಾಲ ಖಾರ ಹಚ್ಚಿ ಬಿಡು. ಇನ್ನೊಮ್ಮಿ ಕುಕ್ಕಾಕ ಬಂದದ್ದು ಬಾಯಿ ಸುಟ್ಕೊಂಡು ಹೊಕ್ಕೈತಿ. ಮತ್ತ ಆ ಕಡೆ ಹಾಯಂಗಿಲ್ಲ."

ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದ ಯಾರಾದರೂ ತಲೆಯಾಡಿಸುವ ಮಾತು. ತೊಡಕು ಒಂದೇ: ಕೋಳಿಗೆ ಖಾರ ಹತ್ತುವುದಿಲ್ಲ.

ನಮ್ಮೂರು ಹೊಸರಿತ್ತಿ ಎಂದರೆ ಹೊರಗಿನವರಿಗೆ ನೆನಪಾಗುವವರು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆ ಅವರು 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಲಿಯಾದದ್ದು ಈ ಊರಿನಲ್ಲಿ. ಗಾಂಧಿ ಗ್ರಾಮೀಣ ಗುರುಕುಲ ಇರುವುದೂ ಇಲ್ಲಿಯೇ. ಇಂಥ ಊರಲ್ಲಿ ಕುಳಿತು ಕೋಳಿಯ ಬೆನ್ನಿನ ಗಾಯದ ಬಗ್ಗೆ ಬರೆಯಲು ಸಂಕೋಚವಾಗುತ್ತದೆ. ಕೋಳಿ ಅಂದರೆ ಮೂಗು ಮುರಿಯುವ ಮನೆಗಳೂ ನಮ್ಮ ಓಣಿಯಲ್ಲಿ ಇವೆ. ಆದರೆ ಹಿತ್ತಲಲ್ಲಿ ನಾಲ್ಕು ಕೋಳಿ ಇಟ್ಟುಕೊಂಡವರ ಕಷ್ಟ ಅವರಿಗೇ ಗೊತ್ತು: ನಿನ್ನೆ ಸಂಜೆ ನೆಟ್ಟಗೆ ಗೂಡು ಸೇರಿದ್ದು ಇವತ್ತು ಹೊತ್ತೇರುವಷ್ಟರಲ್ಲಿ ಬೆನ್ನು ಬೋಳಾಗಿ, ರಕ್ತ ಸುರಿಸಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿರುತ್ತದೆ.

ನಮ್ಮಲ್ಲಿ ಹಾಗೆ ನಿಂತದ್ದು ಒಂದು ಬಿಳಿ ಜವಾರಿ ಕೋಳಿ. ಕಾವಿಗೆ ಕುಳಿತು, ತತ್ತಿ ಎಲ್ಲ ಕೆಟ್ಟು, ಮರಿಯಿಲ್ಲದೆ ಬರಿಗೈಲಿ ಎದ್ದು ಬಂದಿತ್ತು. ಮರಿ ಕಟ್ಟಿಕೊಂಡು ಬಂದಿದ್ದರೆ ಅದರ ಹತ್ತಿರ ನಾಯಿಯೂ ಸುಳಿಯುತ್ತಿರಲಿಲ್ಲ. ಕಾವಿಗೆ ಕುಳಿತ ಇಪ್ಪತ್ತೊಂದು ದಿನ ಗುಂಪಿನ ಕಣ್ಣಿಗೆ ಬೀಳದೆ ಇದ್ದದ್ದಕ್ಕೆ ಅದರ ಸ್ಥಾನ ಹೋಗಿತ್ತು.

ಖಾರದ ವಿಷಯಕ್ಕೆ ಬರುತ್ತೇನೆ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ನಮ್ಮ ನಾಲಗೆ, ಕಣ್ಣು, ಚರ್ಮದ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಕ್ಯಾಪ್ಸೈಸಿನ್ ಹೋಗಿ ಅದಕ್ಕೆ ಅಂಟಿಕೊಂಡರೆ ಬೆಂಕಿ ತಗುಲಿತೆಂದು ಮಿದುಳಿಗೆ ಸುದ್ದಿ ಹೋಗುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅದೇ ಜೂಲಿಯಸ್ ಮತ್ತು ಸ್ವೆನ್-ಎರಿಕ್ ಯೋರ್ಟ್ 2002ರಲ್ಲಿ ಕೋಳಿಯ ಗ್ರಾಹಕವನ್ನು ತೆಗೆದು ನೋಡಿದರು. ಅದು ಬಿಸಿಗೆ ಎಚ್ಚರಗೊಳ್ಳುತ್ತದೆ, ಕ್ಯಾಪ್ಸೈಸಿನ್‌ಗೆ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಗಿಡಕ್ಕೆ ಇದರಿಂದ ಲಾಭವಿದೆ. ಇಲಿ, ಹೆಗ್ಗಣ ತಿಂದರೆ ಬೀಜ ಹಲ್ಲಿಗೆ ಸಿಕ್ಕಿ ನುಚ್ಚಾಗುತ್ತದೆ, ಹಕ್ಕಿ ತಿಂದರೆ ಇಡಿಯಾಗಿ ದೂರ ಹೋಗಿ ಬೀಳುತ್ತದೆ. ಹೀಗಾಗಿ ಹಲ್ಲಿದ್ದವರಿಗೆ ಉರಿ, ಕೊಕ್ಕಿದ್ದವರಿಗೆ ಊಟ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅಂಗಳಕ್ಕೆ ಕೋಳಿ ನುಗ್ಗಿ ಬೀಜ ಹೆಕ್ಕುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಅದು ಬಾಯಿ ಬಿಟ್ಟುಕೊಂಡು ನೀರಿಗೆ ಓಡಿದ್ದನ್ನು ಯಾರೂ ನೋಡಿಲ್ಲ.

ಚಿಗವ್ವ ನಂಬಲಿಲ್ಲ. ಹೇಳಿದ್ದನ್ನು ನಂಬುವ ಹೆಣ್ಣುಮಗಳೂ ಅಲ್ಲ. ಬಿಳಿ ಕೋಳಿಯ ಬೆನ್ನಿಗೆ ಚಿಟಿಕೆ ಖಾರದಪುಡಿ ಉದುರಿಸಿ ಹಿತ್ತಲಿಗೆ ಬಿಟ್ಟಳು. ಉಳಿದವು ಓಡಿ ಬಂದವು. ಕರಿ ಕೋಳಿ ಮೊದಲು ಪುಡಿ ಹೆಕ್ಕಿತು, ಆಮೇಲೆ ಪುಡಿಯ ಕೆಳಗಿನ ಗಾಯವನ್ನೂ ಹೆಕ್ಕಿತು. "ಹಚಾ" ಎಂದು ಅದನ್ನು ಬೆದರಿಸುವ ಗಡಿಬಿಡಿಯಲ್ಲಿ ಚಿಗವ್ವ ಅದೇ ಕೈಯಿಂದ ಕಣ್ಣೊರೆಸಿಕೊಂಡಳು. ಆ ದಿನ ಹಿತ್ತಲಲ್ಲಿ ಖಾರ ಹತ್ತಿದ್ದು ಆಕೆಯೊಬ್ಬಳಿಗೇ.

ಹಾಗೆ ನೋಡಿದರೆ ಕೋಳಿಯ ಅಭಿರುಚಿ ಬ್ಯಾಡಗಿ ಪೇಟೆಯ ಅಭಿರುಚಿಯೇ. ಸೋಮವಾರ, ಗುರುವಾರ ಅಲ್ಲಿ ಕೆಂಪು ರಾಶಿಗಳ ಮುಂದೆ ನಿಲ್ಲುವ ವ್ಯಾಪಾರಿಗಳು ಖಾರಕ್ಕೆ ದರ ಕಟ್ಟುವುದಿಲ್ಲ, ಬಣ್ಣಕ್ಕೆ ಕಟ್ಟುತ್ತಾರೆ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಹೆಸರು ಬಂದದ್ದೇ ಖಾರ ಕಡಿಮೆ, ರಂಗು ಹೆಚ್ಚು ಎಂದು. ಅದರಿಂದ ತೆಗೆದ ಓಲಿಯೋರೆಸಿನ್ ಅಡುಗೆಯ ಪೊಟ್ಟಣಗಳಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಮೆಣಸಿನಕಾಯಿಯ ಕೆಂಪು ಸಾರವನ್ನು ಕೋಳಿಯ ಮೇವಿನಲ್ಲಿ ಬೆರೆಸಿ ತತ್ತಿಯ ಹಳದಿಗೆ ರಂಗು ಏರಿಸುವ ರೂಢಿಯೂ ಉಂಟು. ಕೋಳಿ ಖಾರವನ್ನು ಅರಗಿಸಿಕೊಂಡು ಬಣ್ಣವನ್ನಷ್ಟೇ ನಮಗೆ ವಾಪಸು ಕೊಡುತ್ತದೆ.

ಗಾಯದ ಕಥೆಯೂ ಬಣ್ಣದ್ದೇ. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ, ಕೋಳಿಯ ಕಣ್ಣಲ್ಲಿ ನಾಲ್ಕು. ನಮಗೆ ಕಾಣದ ಅತಿನೇರಳೆಯ ಒಂದು ಅಂಚೂ ಅದಕ್ಕೆ ಕಾಣುತ್ತದೆ. ಅಂಥ ಕಣ್ಣಿಗೆ ಬಿಳಿ ರೆಕ್ಕೆಯ ಮೇಲಿನ ಒಂದು ಹನಿ ರಕ್ತ ಸಿಕ್ಕರೆ ಬಿಡುತ್ತದೆಯೇ? ಒಂದು ಕುಕ್ಕಿತು, ಕೆಂಪು ದೊಡ್ಡದಾಯಿತು, ದೊಡ್ಡದಾದ ಕೆಂಪಿಗೆ ಇನ್ನೆರಡು ಬಂದವು. ಸಣ್ಣ ಗಾಯದಿಂದ ಕೋಳಿ ಸಾಯುವುದಿಲ್ಲ, ಸಣ್ಣ ಗಾಯ ಕಾಣುವುದರಿಂದ ಸಾಯುತ್ತದೆ. ಆದ್ದರಿಂದ ಈ ವೈದ್ಯದಲ್ಲಿ ಅರ್ಧ ಗಾಯಕ್ಕೆ, ಇನ್ನರ್ಧ ನೋಡುವವರ ಕಣ್ಣಿಗೆ.

ಕಣ್ಣಿಗೆ ಮಾಡಬೇಕಾದ ವೈದ್ಯವನ್ನು ಅಮೆರಿಕದವರು ಅಕ್ಷರಶಃ ಮಾಡಿದರು. ಟೆನೆಸ್ಸಿಯ ಆಂಡ್ರ್ಯೂ ಜಾಕ್ಸನ್ ಎಂಬಾತ 1903ರಲ್ಲಿ ಕೋಳಿಯ ಕನ್ನಡಕಕ್ಕೆ ಪೇಟೆಂಟ್ ಪಡೆದ. ಅವನದು ಕಣ್ಣಿಗೆ ಕುಕ್ಕು ಬೀಳದಿರಲೆಂದು ಮಾಡಿದ್ದು. ಆಮೇಲೆ ಬಂದವರು ಕೆಂಪು ಗಾಜು ಹಾಕಿದರು, ಲೋಕವೆಲ್ಲ ಕೆಂಪಾಗಿ ಕಂಡರೆ ರಕ್ತ ಬೇರೆಯಾಗಿ ಕಾಣುವುದಿಲ್ಲವೆಂದು. ಮರಿ ಸಾಕುವ ಶೆಡ್ಡುಗಳಲ್ಲಿ ಕೆಂಪು ಬಲ್ಬು ಉರಿಸುವುದರ ಹಿಂದೆ ಇರುವುದೂ ಇದೇ ಲೆಕ್ಕ. ತತ್ತಿಯ ಫಾರಂಗಳಲ್ಲಿ ಮರಿಯಿದ್ದಾಗಲೇ ಕಾದ ಅಲಗಿನಿಂದ ಕೊಕ್ಕಿನ ತುದಿ ಸುಟ್ಟುಬಿಡುತ್ತಾರೆ. ಹಿತ್ತಲ ಕೋಳಿಗೆ ಅದನ್ನು ಮಾಡಬೇಡಿ. ಮಣ್ಣು ಕೆದರಿ ಹುಳ ಹೆಕ್ಕುವ ಕೋಳಿಗೆ ಕೊಕ್ಕೇ ಕೈ.

ಕುಕ್ಕುವುದೆಲ್ಲ ಒಂದೇ ಬಗೆಯದಲ್ಲ. ಗಾಯ ಎಲ್ಲಿದೆ ಎಂದು ನೋಡಿದರೆ ಜಗಳದ ಜಾತಕ ತಿಳಿಯುತ್ತದೆ. ಜುಟ್ಟು, ತಲೆಯ ಮೇಲಿದ್ದರೆ ಅದು ಹಿರಿತನದ ತಕರಾರು. ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡುತ್ತ ಬೆಳೆದು, 1921ರ ಹೊತ್ತಿಗೆ ಕುಕ್ಕುವ ಸರದಿಯ ಸಿದ್ಧಾಂತವನ್ನು ಲೋಕದ ಮುಂದಿಟ್ಟ. ಸರದಿ ಒಮ್ಮೆ ಗಟ್ಟಿಯಾದರೆ ಮೇಲಿನದು ಕತ್ತೆತ್ತಿ ನೋಡಿದರೆ ಸಾಕು, ಕೆಳಗಿನದು ಸರಿದು ನಿಲ್ಲುತ್ತದೆ, ರಕ್ತ ಬರುವುದಿಲ್ಲ. ಸಂತೆಯಿಂದ ಹೊಸದೊಂದು ಬಂದಾಗ, ಕಾವಿನಿಂದ ಒಂದು ಎದ್ದಾಗ, ಎಳೆ ಹುಂಜ ಬಲಿತಾಗ ಸರದಿ ಕಲಕುತ್ತದೆ. ಬೆನ್ನಿನ ಎರಡೂ ಬದಿಗೆ ಗೀರಿದ್ದರೆ ಅದು ಹುಂಜ ಏರಿದ ಗುರುತು, ಅದಕ್ಕೆ ಬೈಯುವುದು ಹ್ಯಾಟಿಗಳನ್ನಲ್ಲ. ಬಾಲದ ಬುಡದ ಪುಕ್ಕ ಕಿತ್ತಿದ್ದರೆ ಅಲ್ಲಿ ಸಿಟ್ಟೇ ಇಲ್ಲ. ನೆಲ ಕೆದರುವ ಕೆಲಸ ಸಿಗದ ಕೋಳಿ ಪಕ್ಕದ ಕೋಳಿಯನ್ನೇ ಕೆದರುತ್ತಿದೆ, ಅಷ್ಟೆ. ಎಲ್ಲಕ್ಕಿಂತ ಕೆಟ್ಟದ್ದು ಗುದದ ಗಾಯ. ತತ್ತಿ ಇಟ್ಟ ಗಳಿಗೆ ಒಳಗಿನ ಕೆಂಪು ಮಾಂಸ ತುಸು ಹೊರಗೆ ಬಂದು ಒಳಗೆ ಹೋಗುತ್ತದೆ. ತತ್ತಿ ಇಡುವ ಜಾಗ ಬೆಳಕಿನಲ್ಲಿದ್ದರೆ ಅಷ್ಟರಲ್ಲೇ ಇನ್ನೊಂದು ಕುಕ್ಕುತ್ತದೆ, ಹಿಡಿದು ಎಳೆಯುತ್ತದೆ, ಕರುಳೇ ಬರುತ್ತದೆ. ಅದಕ್ಕೆ ಮನೆಮದ್ದಿಲ್ಲ. ತತ್ತಿಯ ಬುಟ್ಟಿಯನ್ನು ಕತ್ತಲ ಮೂಲೆಗೆ ಸರಿಸುವುದೇ ಮದ್ದು, ಅದೂ ಮೊದಲೇ.

ಹಗಲಲ್ಲಿ ಗಾಯದ ಕೋಳಿಯ ಹಿಂದೆ ಓಡಬಾರದು. ಅದೂ ದಣಿಯುತ್ತದೆ, ನಾವೂ ದಣಿಯುತ್ತೇವೆ, ಗಾಯ ಮತ್ತೆ ಬಾಯಿ ಬಿಡುತ್ತದೆ. ಮುಚ್ಚಂಜೆಯ ನಂತರ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಕೈಹಾಕಿದರೆ ಕೂತಲ್ಲೇ ಸಿಗುತ್ತದೆ. ಹಳೆಯ ಟವೆಲಿನಲ್ಲಿ ರೆಕ್ಕೆ ಸೇರಿಸಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಆದರೆ ಎದೆಯನ್ನು ಅಮುಕಬಾರದು: ಹಕ್ಕಿಗಳಿಗೆ ನಮಗಿರುವ ವಪೆ ಇಲ್ಲ, ಎದೆಯ ಮೂಳೆ ಏರಿಳಿದರೆ ಮಾತ್ರ ಉಸಿರು. ಪ್ರೀತಿಯಿಂದ ಬಿಗಿಯಾಗಿ ಅಪ್ಪಿ ಹಿಡಿದೇ ಕೋಳಿಯನ್ನು ಕೊಲ್ಲಬಹುದು.

ಜುಟ್ಟಿನಿಂದ ರಕ್ತ ಬರುತ್ತಿದ್ದರೆ ಹೆದರಬೇಕಿಲ್ಲ. ಅಲ್ಲಿ ರಕ್ತನಾಳ ಹೆಚ್ಚು, ಸಣ್ಣ ಗೀರಿಗೂ ಊರೆಲ್ಲ ಕೆಂಪು. ಒಗೆದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿದು, ನಿಂತ ಮೇಲೆ ಒಂದು ಚಿಟಿಕೆ ನುಣ್ಣನೆಯ ಗೋವಿನಜೋಳದ ಹಿಟ್ಟು ಉದುರಿಸಿದರೆ ಕಟ್ಟಿಕೊಳ್ಳುತ್ತದೆ. ಬೆನ್ನಿನ ಗಾಯವಾದರೆ ಸುತ್ತಲಿನ ಪುಕ್ಕ ಕತ್ತರಿಸಿ ತೊಳೆಯಬೇಕು. ಪುಕ್ಕ ಕೀಳಬಾರದು. ತೊಳೆಯಲು, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಚಹಾ ಚಮಚ. ತೊಳೆದ ಮೇಲೆ ಮೆಡಿಕಲ್ ಅಂಗಡಿಯ ಪೋವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿದರೆ ಸಾಕು. ನೊರೆ ಏಳುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಹಾಕುವವರಿದ್ದಾರೆ. ನೊರೆ ನೋಡಲು ಚಂದ, ಆದರೆ ಹೊಸದಾಗಿ ಕೂಡುತ್ತಿರುವ ಮಾಂಸವನ್ನೂ ಅದು ಸುಡುತ್ತದೆ.

ಇಲ್ಲಿ ಚಿಗವ್ವ ಇನ್ನೊಂದು ಮದ್ದು ತಂದಳು: ಅರಿಷಿಣ. ಸಂತೋಷ, ಅರಿಷಿಣ ಒಳ್ಳೆಯದೇ. ಆದರೆ ಇನ್ನೊಂದು ಕೈಯಲ್ಲಿ ಸುಣ್ಣದ ಡಬ್ಬಿಯೂ ಇತ್ತು. ಉಳುಕಿಗೆ, ಬಾವಿಗೆ ಹಚ್ಚುವಂತೆ ಎರಡನ್ನೂ ಕಲಸಿ ಹಚ್ಚುವ ಯೋಚನೆ. ಅರಿಷಿಣಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆ ಎಂದು ಆರತಿ ಎತ್ತಿದವರಿಗೆಲ್ಲ ಗೊತ್ತು: ರಕ್ತಗೆಂಪು. ಕೆಂಪನ್ನು ಮುಚ್ಚಲು ಹೋಗಿ ಅಂಗೈಯಗಲ ಕೆಂಪು ಬಳಿದಂತಾಗುತ್ತಿತ್ತು. ಈ ಬಾರಿ ಆಕೆಗೆ ವಿವರಿಸಬೇಕಾಗಲಿಲ್ಲ. ಸುಣ್ಣದ ಡಬ್ಬಿಯನ್ನು ತಾನಾಗಿಯೇ ಸೆರಗಿನಲ್ಲಿ ಮುಚ್ಚಿಕೊಂಡು "ಇದು ನನ್ನ ಎಲಿ-ಅಡಕಿಗಿ ತಂದದ್ದು" ಅಂದಳು.

ಅರಿಷಿಣವನ್ನು ಬೇವಿನ ಎಣ್ಣೆಯಲ್ಲಿ ಕಲಸಿದರೆ ಬೇರೆಯದೇ ಲಾಭವಿದೆ, ಆ ವಾಸನೆಗೆ ನೊಣ ಕೂರುವುದಿಲ್ಲ. ಮಳೆಗಾಲದಲ್ಲಿ ಗಾಯಕ್ಕಿಂತ ನೊಣಕ್ಕೆ ಹೆದರಬೇಕು. ತೇವದ ಗಾಯದಲ್ಲಿ ನೊಣ ತತ್ತಿಯಿಟ್ಟರೆ ಒಂದೇ ದಿನದಲ್ಲಿ ಹುಳ ಮಿಜಿಗುಡುತ್ತವೆ. ಹಾಗಾದಾಗ ಚಿಮಟದಿಂದ ಒಂದೊಂದನ್ನೂ ತೆಗೆದು, ಸೀತಾಫಲದ ಎಲೆ ಅರೆದು ಹಚ್ಚುವುದು ನಮ್ಮ ದನಗಾಹಿಗಳ ಹಳೆಯ ವಿದ್ಯೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ದನಗಳ ಗಾಯಕ್ಕೆ ಹೇಳುವ ಮನೆಮದ್ದಿನಲ್ಲೂ ಸೀತಾಫಲದ ಎಲೆ ಇದೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆಯೂ ಇದೆ. ಎತ್ತಿನ ಹೆಗಲ ಹುಣ್ಣಿಗೆ ಸವರುತ್ತಿದ್ದ ಗಾಡಿಯ ಕೀಲೆಣ್ಣೆಯನ್ನು ಮಾತ್ರ ಕೋಳಿಗೆ ತರಬಾರದು. ಕಪ್ಪು ಬಣ್ಣ ರಕ್ತವನ್ನೇನೋ ಮುಚ್ಚುತ್ತದೆ, ಆದರೆ ಕೋಳಿ ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳುವಾಗ ಅಷ್ಟೂ ಹೊಟ್ಟೆಗೆ ಹೋಗುತ್ತದೆ.

ಕೊನೆಗೆ ಬಣ್ಣ ಮುಚ್ಚುವ ಕೆಲಸ ಮಾಡಿದ್ದು ಜೆನ್ಶಿಯನ್ ವೈಲೆಟ್. ಬಾಯಿ ಹುಣ್ಣಾದ ಮಕ್ಕಳ ನಾಲಗೆಗೆ ಹಿಂದೆ ಹಚ್ಚುತ್ತಿದ್ದ ಅದೇ ನೇರಳೆ ಔಷಧ. ಗಾಯ ಒಣಗಿಸುತ್ತದೆ, ಕೆಂಪನ್ನು ನೇರಳೆಯ ಕೆಳಗೆ ಅಡಗಿಸುತ್ತದೆ. ಒಂದು ಎಚ್ಚರ: ಅಮೆರಿಕದಲ್ಲಿ ಇದನ್ನು ಪ್ರಾಣಿಗಳ ಮೇವಿನಲ್ಲಿ ಬೆರೆಸುವಂತಿಲ್ಲ. ತತ್ತಿ ಇಡುತ್ತಿರುವ ಕೋಳಿಗೆ, ನಾಳೆ ಸಾರಿಗೆ ಹೋಗುವ ಕೋಳಿಗೆ ಹಚ್ಚದಿರುವುದೇ ಲೇಸು. ನಮ್ಮ ಬಿಳಿಯದು ಆಗ ತತ್ತಿ ನಿಲ್ಲಿಸಿತ್ತು, ಸಾರಿನ ಪಟ್ಟಿಯಲ್ಲೂ ಇರಲಿಲ್ಲ.

ಮನೆಮದ್ದಿಗೆ ಎಲ್ಲೆ ಇದೆ. ಚರ್ಮ ಹರಿದು ಒಳಗಿನ ಮಾಂಸವೇ ಸೀಳಿದ್ದರೆ, ವಾಸನೆ ಬಂದರೆ, ಮರುದಿನವೂ ಕೋಳಿ ಕಾಳಿಗೆ ಬಾಯಿ ಹಾಕದೆ ಗುಬ್ಬರಿಸಿ ಕೂತಿದ್ದರೆ ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋಗಬೇಕು. ಜುಟ್ಟಿನ ಮೇಲಿನ ಕಪ್ಪು ಹಕ್ಕಳೆಯೆಲ್ಲ ಕುಕ್ಕಿನ ಗುರುತಲ್ಲ, ಸೊಳ್ಳೆ ಹರಡುವ ಕೋಳಿ ಸಿಡುಬೂ ಹಾಗೇ ಕಾಣುತ್ತದೆ. ವರದಾ ನದಿಯ ದಂಡೆಯವರಾದ ನಮಗೆ ಸೊಳ್ಳೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಗಾಯ ಮಾಯ್ದರೂ ಕಾರಣ ಮಾಯುವುದಿಲ್ಲ. ನನಗನಿಸುವ ಮಟ್ಟಿಗೆ ನಮ್ಮ ಕಡೆಯ ದೊಡ್ಡ ಕಾರಣ ಗೋವಿನಜೋಳ. ಹಾವೇರಿ, ರಾಣೆಬೆನ್ನೂರು ಸೀಮೆಯ ಹೊಲವೆಲ್ಲ ಅದೇ, ಮನೆಯ ಮೂಲೆಯಲ್ಲೂ ಅದರದೇ ಚೀಲ, ಹೀಗಾಗಿ ಕೋಳಿಗೂ ಅದರದೇ ನುಚ್ಚು. ಗೋವಿನಜೋಳದಲ್ಲಿ ಪ್ರೋಟೀನು ನೂರಕ್ಕೆ ಒಂಬತ್ತರಷ್ಟು, ತತ್ತಿ ಇಡುವ ಕೋಳಿಗೆ ಬೇಕಾದದ್ದು ಹದಿನಾರರಷ್ಟು. ಪುಕ್ಕವೆಂದರೆ ಬಹುಪಾಲು ಪ್ರೋಟೀನೇ, ರಕ್ತದಲ್ಲೂ ಪ್ರೋಟೀನಿದೆ. ಹೊಟ್ಟೆ ತುಂಬಿದ್ದೂ ಕೊರತೆಯಿರುವ ಕೋಳಿ ಅದನ್ನು ನೆರೆಯವಳ ಬೆನ್ನಿನಲ್ಲಿ ಹುಡುಕುತ್ತದೆ. ಮೊದಲು ಈ ಕೊರತೆಯನ್ನು ತಿಪ್ಪೆ ತುಂಬುತ್ತಿತ್ತು. ಮನೆಗೊಂದು ತಿಪ್ಪೆ, ತಿಪ್ಪೆ ತುಂಬ ಹುಳ, ದಿನವಿಡೀ ಕೆದರುವ ಕೆಲಸ. ಈಗ ದನ ಕಡಿಮೆಯಾಗಿವೆ, ಹಿತ್ತಲಿಗೆ ಕಾಂಕ್ರೀಟು ಬಿದ್ದಿದೆ, ಕೋಳಿಗಳು ನಿರುದ್ಯೋಗಿಗಳಾಗಿವೆ. ಆಷಾಢ-ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎಲ್ಲವನ್ನೂ ಒಂದೇ ಗೂಡಿಗೆ ತುಂಬಿದರಂತೂ ಹೇಳುವುದೇ ಬೇಡ. ನುಚ್ಚಿನ ಜೊತೆ ಬೂಸು ಹಿಡಿಯದ ಶೇಂಗಾ ಹಿಂಡಿ ಒಂದು ಹಿಡಿ, ಹಗ್ಗಕ್ಕೆ ಕಟ್ಟಿ ಎತ್ತರದಲ್ಲಿ ತೂಗುಬಿಟ್ಟ ಮೆಂತ್ಯದ ಸೂಡು, ಮೂಲೆಯಲ್ಲಿ ಹೊರಳಾಡಲು ಬೂದಿ-ಮಣ್ಣು, ಇಷ್ಟು ಸಿಕ್ಕರೆ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ. ಕಿತ್ತು ಹೋದ ಪುಕ್ಕ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಹೊಸ ಪುಕ್ಕದ ಕೊಳವೆಯಲ್ಲಿ ರಕ್ತ ಹರಿಯುತ್ತಿರುವುದರಿಂದ ಆಗ ಎರಡನೆಯ ಬಾರಿ ಕಾಯಬೇಕು.

ಯಾವುದನ್ನು ಬೇರೆ ಇಡಬೇಕು ಎಂಬುದರಲ್ಲಿ ನನಗೂ ಚಿಗವ್ವನಿಗೂ ಜಗಳವೇ ಆಯಿತು. ರಕ್ತ ಬರುವಾಗ ಗಾಯದ್ದನ್ನು ಬೇರ್ಪಡಿಸದೆ ಗತಿಯಿಲ್ಲ. ಆದರೆ ಬಹಳ ದಿನ ಮರೆಯಲ್ಲಿಟ್ಟರೆ ಅದರ ಸ್ಥಾನ ಇನ್ನಷ್ಟು ಕೆಳಗೆ ಇಳಿಯುತ್ತದೆ. ಆದ್ದರಿಂದ ಗಾಯ ಒಣಗಿದೊಡನೆ ಕುಕ್ಕಿದ್ದನ್ನು ಹೆಡಗಿಯ ಕೆಳಗೆ ಹಾಕಬೇಕು ಎಂಬುದು ನನ್ನ ವಾದ. ನಾಲ್ಕು ದಿನ ಕಳೆದು ಬರುವಷ್ಟರಲ್ಲಿ ಅದರ ದೊಡ್ಡಸ್ತಿಕೆ ಕರಗಿರುತ್ತದೆ. "ಕರಿದರ ತಪ್ಪಿಗಿ ಹೆಡಗಿ ಯಾಕ? ಬೋಗುಣಿ ಐತಲ್ಲ" ಎಂದು ಚಿಗವ್ವ. ಕರಿ ಕೋಳಿ ದಿನ ಬಿಟ್ಟು ದಿನ ತತ್ತಿ ಇಡುತ್ತಿದ್ದುದರಿಂದ ಬದುಕಿಕೊಂಡಿತು. ಬಿಳಿಯದನ್ನು ರಾತ್ರಿ, ಎಲ್ಲವೂ ಸಾಲಾಗಿ ಕೂತ ಮೇಲೆ, ಸದ್ದಿಲ್ಲದೆ ನಡುವೆ ಕೂರಿಸಿದೆವು. ಬೆಳಿಗ್ಗೆ ಒಂದಿಷ್ಟು ಕತ್ತು ನೀಡಿ ನೋಡಾಟವಾಯಿತು, ರಕ್ತ ಬರಲಿಲ್ಲ.

ನೇರಳೆ ಬಣ್ಣ ಮಾತ್ರ ಬೇಗ ಹೋಗುವುದಲ್ಲ. ಬಿಳಿ ಮೈ, ನಡುಬೆನ್ನಿನಿಂದ ಬಾಲದವರೆಗೆ ಗಾಢ ನೇರಳೆ, ಅದರ ಅಂಚಿಗೆ ಅರಿಷಿಣದ ಹಳದಿ; ಕೋಳಿ ಓಣಿಗೆ ಇಳಿದರೆ ಮಕ್ಕಳು ಹಿಂದೆ ಬೀಳುತ್ತಿದ್ದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಗಿರಿರಾಜ, ಸ್ವರ್ಣಧಾರ ಹೊರಬಂದು ಹಳ್ಳಿಹಳ್ಳಿಗೆ ಹಬ್ಬಿದ ಮೇಲೆ ನಮ್ಮ ಕಡೆಯವರು ಯಾವ ಕೋಳಿಯನ್ನು ಕಂಡರೂ ತಳಿ ಕೇಳುತ್ತಾರೆ. ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ಸೈಕಲ್ ನಿಲ್ಲಿಸಿ ನೋಡಿದರು.

"ಇದ್ಯಾವ ತಳಿ ಬೇ? ಗಿರಿರಾಜ ನೋಡೀನಿ, ಇಂಥಾದ್ದು ನೋಡಿಲ್ಲ."

"ಹೊಸಾದು ಬಂದೈತ್ರೀ ಕಾಕಾ, ಬೆಂಗಳೂರಾಗ ಮಾಡ್ಯಾರಂತ" ಎಂದಳು ಚಿಗವ್ವ, ಮುಖದ ಒಂದು ಗೆರೆಯೂ ಅಲುಗದಂತೆ.

"ತತ್ತಿ ಹೆಂಗ?"

"ಇನ್ನ ಚಾಲೂ ಆಗಿಲ್ರಿ."

"ಆದ ಮ್ಯಾಲ ಕಾವಿಗಿ ಒಂದ್ನಾಕು ಕೊಡು. ಏನ್ ಹಚ್ಚತಿ?"

"ನಿಮಗಂತ ಒಂದಕ್ಕ ಇಪ್ಪತ್ತು ರೂಪಾಯಿ."

"ಹದಿನೈದು ಮಾಡು" ಎಂದು ಅವರು ಪೆಡಲಿನ ಮೇಲೆ ಕಾಲಿಟ್ಟರು.